ನಮ್ಮ ಊರನ್ನು ಕುರಿತು ಬರೆದುದನ್ನು ನಾವು ಓದಬಾರದೆ?



ಪ್ರವಾಸವನ್ನು ಕುರಿತು ಒಂದು ಶಾಸ್ತ್ರವು ಬೆಳೆದಿದೆಯೆಂದೂ, ಅದಕ್ಕೆಂದೇ ಮೀಸಲಾದ ವಿದ್ವತ್ಪತ್ರಿಕೆಗಳು ಲೋಕದಲ್ಲಿ ನೂರಾರು ಹೊರಡುತ್ತಿವೆಯೆಂದೂ ಹೇಳಿದರೆ, ನಮ್ಮ ಮನೆಗಳ ಹಿರಿಯರಲ್ಲಿ ಹಲವರು ನಕ್ಕುಬಿಡುವರು. ಊರೂರು ತಿರುಗುವುದಕ್ಕೂ ಶಾಸ್ತ್ರ ಬೇಕೆ, ಎಂದು ಕೇಳುವರು. ಪಾಠಶಾಲೆಯಲ್ಲಿ ಕೌಮುದಿಯನ್ನು ಬಾಯಿಪಾಠ ಮಾಡಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ, ಈಗ ನಿವೃತ್ತನಾಗಿ ಕುಳಿತಿರುವ ನಾನೂ ಮೊದಲು ಹಾಗೆಯೇ ನಕ್ಕವನು. ಈಗ ನಗುವುದಿಲ್ಲ. ಏಕೆಂದರೆ ಆ ಪತ್ರಿಕೆಗಳು ನಮ್ಮ ಹರಿಹರದ ದೇವಾಲಯದ ಬಾಗಿಲಿಗೂ ಬಂದಿವೆ. ನಮ್ಮನ್ನು ಕುರಿತು ಬರೆಯುತ್ತಿವೆ. ಬರೆದುದನ್ನು ಮಾತ್ರ ನಮಗೆ ತೋರಿಸುವುದಿಲ್ಲ. ಈ ಅನ್ಯಾಯವನ್ನು ಕುರಿತೇ ನನ್ನ ಇಂದಿನ ಬಿನ್ನಹ.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣ ಸೋಮವಾರ ನಾನು ಹರಿಹರೇಶ್ವರನ ದರ್ಶನವನ್ನು ಮಾಡಿಕೊಂಡು ಮಂಟಪದಲ್ಲಿ ಕುಳಿತಿದ್ದೆ. ಸಂಶೋಧನೆ ಮಾಡುತ್ತಿದ್ದ ಒಬ್ಬ ತರುಣನು ಕೈಯಲ್ಲಿ ಕಾಗದದ ಕಟ್ಟನ್ನು ಹಿಡಿದು, ಬಂದವರನ್ನೆಲ್ಲ ಪ್ರಶ್ನಿಸುತ್ತಿದ್ದನು. ಹುಡುಗನು ವಿನಯವಂತ, ನನ್ನ ಬಳಿಗೂ ಬಂದು, "ಮೇಷ್ಟ್ರೇ, ಐದು ನಿಮಿಷ ಕೊಡಿ" ಎಂದನು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಈ ಸ್ಥಳದಿಂದ ನಿಮಗಾದ ತೃಪ್ತಿ ಎಷ್ಟು, ಒಂದರಿಂದ ಐದರೊಳಗೆ ಒಂದು ಅಂಕವನ್ನು ಹೇಳಿರಿ, ಎಂಬುದು ಅವುಗಳಲ್ಲೊಂದು. ನಾನು ಏನೋ ಒಂದನ್ನು ಹೇಳಿದೆನು. ಪಕ್ಕದಲ್ಲಿ ಹಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬಳು ಇದ್ದಳು. ಆಕೆಗೆ ಆತನು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ತಿಳಿಸಿ ಕೇಳಿದಾಗ ಆಕೆಯು, "ದೇವ್ರಿಗೆ ನಂಬರ್ ಹಾಕಾಕೆ ನಾನ್ಯಾರಪ್ಪಾ?" ಎಂದಳು. ತರುಣನು ಸ್ವಲ್ಪ ಯೋಚಿಸಿ ಮೂರು ಎಂದು ಬರೆದುಕೊಂಡನು.

ಒಂದೆರಡು ವರ್ಷಗಳ ಅನಂತರ ಆ ಲೇಖನವು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಹಳೆಯ ಶಿಷ್ಯನೊಬ್ಬನು ಅದನ್ನು ಸಂಪಾದಿಸಿ ತಂದುಕೊಟ್ಟನು. ಅದರಲ್ಲಿ ಕೋಷ್ಟಕಗಳಿದ್ದುವು, ಮುದುಕಿಯ ಮೂರು ಎಂಬ ಅಂಕವೂ ಅವುಗಳ ಸರಾಸರಿಯೊಳಗೆ ಎಲ್ಲಿಯೋ ಸೇರಿಹೋಗಿತ್ತು. ಅದನ್ನು ನಾನು ಕ್ಷಮಿಸಬಲ್ಲೆನು. ಆದರೆ ಪೀಠಿಕೆಯಲ್ಲಿ, ವಿಜಯನಗರದ ಹರಿಹರರಾಯನು ಈ ದೇವಾಲಯವನ್ನು ಕಟ್ಟಿಸಿದುದರಿಂದ ಊರಿಗೆ ಆತನ ಹೆಸರೇ ಬಂದಿತೆಂದು ಬರೆದಿತ್ತು! ನಮ್ಮ ಊರಿನ ಶಾಲೆಯ ಹುಡುಗನೂ ಬಲ್ಲ ವಿಷಯವಿದು: ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು, ಕಾಲವು ಕ್ರಿ. ಶ. ೧೨೨೪. ಮುಂದೆ ೧೨೬೮ರಲ್ಲಿ, ಸೋಮನಾಥಪುರದ ಗುಡಿಯನ್ನು ಕಟ್ಟಿಸಿದ ಸೋಮ ದಂಡನಾಯಕನೇ ಇಲ್ಲಿಯೂ ಕೆಲವು ಭಾಗಗಳನ್ನು ಸೇರಿಸಿದನು. ವಿಜಯನಗರವು ಸ್ಥಾಪಿತವಾದುದು ೧೩೩೬ರಲ್ಲಿ; ಎಂದರೆ ಗುಡಿಯು ಎದ್ದು ೧೧೨ ವರ್ಷಗಳಾದ ಮೇಲೆ. ಊರಿಗೆ ಹೆಸರು ಬಂದುದು ದೇವರಿಂದ, ರಾಜನಿಂದಲ್ಲ.

ನಾನು ಆ ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿಯನ್ನು ಕನ್ನಡದಲ್ಲಿ ಬರೆದು, ಶಿಷ್ಯನಿಂದ ಇಂಗ್ಲಿಷಿನ ಸಾರಾಂಶವನ್ನೂ ಸೇರಿಸಿ ಕಳುಹಿಸಿದೆನು. ಎರಡು ಸಾಲಿನ ಉತ್ತರ ಬಂದಿತು: ತಾವು ಓದುಗರ ಪತ್ರಗಳನ್ನು ಪ್ರಕಟಿಸುವ ಪದ್ಧತಿಯಿಲ್ಲ, ಬೇಕಾದರೆ ಪ್ರತ್ಯೇಕ ಲೇಖನವನ್ನು ಇಂಗ್ಲಿಷಿನಲ್ಲಿ ಬರೆದು, ನಿಗದಿಯಾದ ಶುಲ್ಕವನ್ನು ತೆತ್ತು ಕಳುಹಿಸಬಹುದು. ನಾನು ಸುಮ್ಮನಾದೆನು. ತಪ್ಪು ಸುಮ್ಮನಾಗಲಿಲ್ಲ. ಮರುವರ್ಷ ಬೇರೊಂದು ಲೇಖನವು ಮೊದಲಿನದನ್ನು ಪ್ರಮಾಣವಾಗಿ ಉದಾಹರಿಸಿ ಅದನ್ನೇ ಹೇಳಿತು. ಈ ವರ್ಷ ನನ್ನ ಮೊಮ್ಮಗನು ಶಾಲೆಯ ಪ್ರವಾಸದಲ್ಲಿ ಹೋಗಿ ಬಂದು, "ಅಜ್ಜಾ, ಹರಿಹರರಾಯ ಕಟ್ಟಿಸಿದ್ದಂತೆ, ಅಲ್ಲಿ ತೋರಿಸುವವರು ಹೇಳಿದರು" ಎಂದನು. ಪೋಲಾಳ್ವನು ಕಲ್ಲಿನ ಮೇಲೆ ಬರೆಯಿಸಿದುದನ್ನು ಅಚ್ಚಿನ ಹಾಳೆಯು ಹೀಗೆ ಅಳಿಸಿತು.

ಈಗ ಈ ಪತ್ರಿಕೆಗಳ ಚರಿತ್ರೆಯನ್ನು ಸ್ವಲ್ಪ ವಿಚಾರಿಸೋಣ. ಏಕೆಂದರೆ ನನ್ನ ವಾದಕ್ಕೆ ಮುಖ್ಯವಾದ ಆಧಾರವು ಆ ಚರಿತ್ರೆಯಲ್ಲಿಯೇ ಇದೆ. ಈ ಶಾಸ್ತ್ರವು ಇಂಗ್ಲಿಷಿನಲ್ಲಿಯೇ ಹುಟ್ಟಿತೆಂದು ನಮ್ಮ ವಿದ್ಯಾವಂತರು ತಿಳಿದಿರುವರು. ಅದು ಸುಳ್ಳು. ೧೯೨೯ರಲ್ಲಿ ರಾಬರ್ಟ್ ಗ್ಲುಕ್ಸ್‌ಮನ್ ಎಂಬ ವಿದ್ವಾಂಸನು ಬರ್ಲಿನ್ ನಗರದಲ್ಲಿ ಪ್ರವಾಸದ ಅಧ್ಯಯನಕ್ಕಾಗಿ ಒಂದು ಸಂಸ್ಥೆಯನ್ನು ತೆರೆದನು. ಮರುವರ್ಷದಿಂದ ಅದಕ್ಕೊಂದು ಪತ್ರಿಕೆಯೂ ಹೊರಟಿತು. ಅದು ಜರ್ಮನ್ ಭಾಷೆಯ ಪತ್ರಿಕೆ, ೧೯೩೫ರವರೆಗೆ ನಡೆಯಿತು. ಸ್ವಿಟ್ಜರ್ಲೆಂಡಿನ ಹುನ್ಸಿಕರ್ ಮತ್ತು ಕ್ರಾಪ್ಫ್ ಎಂಬ ಇಬ್ಬರು ಪಂಡಿತರು ೧೯೪೨ರಲ್ಲಿ ಈ ಶಾಸ್ತ್ರದ ಮೂಲಗ್ರಂಥವೆನಿಸಿದ ಪುಸ್ತಕವನ್ನು ಬರೆದರು. ಅದೂ ಜರ್ಮನ್ ಭಾಷೆಯಲ್ಲಿ. ೧೯೪೬ರಲ್ಲಿ ಅದೇ ದೇಶದಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಪತ್ರಿಕೆಯು ಬಹುಕಾಲ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲಿಯೂ ಲೇಖನಗಳನ್ನು ಅಚ್ಚುಮಾಡುತ್ತಿತ್ತು. ಪರ್ವತಗಳ ನಡುವಿನ ಒಂದು ಸಣ್ಣ ದೇಶದವರು ತಮ್ಮ ಊರಿಗೆ ಬರುವ ಅತಿಥಿಗಳನ್ನು ಕುರಿತು ತಮ್ಮ ಮನೆಯ ಭಾಷೆಗಳಲ್ಲಿ ವಿಚಾರಮಾಡಿದರು. ಶಾಸ್ತ್ರವು ಹುಟ್ಟಿದುದು ಹೀಗೆ.

ಅಮೆರಿಕವು ಈ ಕ್ಷೇತ್ರಕ್ಕೆ ಕಾಲಿಟ್ಟುದು ಆಮೇಲೆ. ೧೯೭೩ರಲ್ಲಿ ಜಾಫರ್ ಜಾಫರಿ ಎಂಬಾತನು ‘ಅನಾಲ್ಸ್ ಆಫ್ ಟೂರಿಸಂ ರಿಸರ್ಚ್’ ಎಂಬ ಪತ್ರಿಕೆಯನ್ನು ಸ್ಥಾಪಿಸಿದನು. ಮಾನವಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಎಲ್ಲವೂ ಅಲ್ಲಿ ಒಂದೆಡೆ ಸೇರಿದುವು. ಆ ಪತ್ರಿಕೆಯು ಅನೇಕ ವರ್ಷಗಳ ಕಾಲ ಪ್ರತಿಯೊಂದು ಲೇಖನದ ಸಾರಾಂಶವನ್ನು ಫ್ರೆಂಚ್ ಭಾಷೆಯಲ್ಲಿಯೂ ಕೊಡುತ್ತಿತ್ತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ೧೯೮೦ರಲ್ಲಿ ಆರಂಭವಾದ ಇನ್ನೊಂದು ಪತ್ರಿಕೆಯು ೧೯೮೨ರಿಂದ ‘ಟೂರಿಸಂ ಮ್ಯಾನೇಜ್‌ಮೆಂಟ್’ ಎಂಬ ಹೆಸರನ್ನು ತಳೆಯಿತು. ೧೯೯೩ರಲ್ಲಿ, ಪ್ರವಾಸದಿಂದ ಊರುಗಳೂ ಕಾಡುಗಳೂ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆಂಬುದಕ್ಕೇ ಒಂದು ಪತ್ರಿಕೆ ಹೊರಟಿತು. ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ: ೧೯೭೬ರಲ್ಲಿಯೇ ಲಖನೌ ನಗರದಲ್ಲಿ ತೇಜ್‌ವೀರ್ ಸಿಂಗ್ ಎಂಬವರು ‘ಟೂರಿಸಂ ರಿಕ್ರಿಯೇಷನ್ ರಿಸರ್ಚ್’ ಎಂಬ ಪತ್ರಿಕೆಯನ್ನು ಹುಟ್ಟುಹಾಕಿದರು. ಯೂರೋಪು ಅಮೆರಿಕಗಳ ಪತ್ರಿಕೆಗಳ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಯೋಗ್ಯತೆಯನ್ನು ಅದು ಗಳಿಸಿತು. ಅವರ ಸಾಹಸಕ್ಕೆ ನನ್ನ ನಮಸ್ಕಾರವುಂಟು. ಆದರೆ ಅದೂ ಇಂಗ್ಲಿಷಿನದೇ. ಇಂದು ಅದನ್ನು ಪ್ರಕಟಿಸುವುದು ವಿದೇಶದ ರೂಟ್ಲೆಜ್ ಎಂಬ ಸಂಸ್ಥೆ.

ಹೀಗೆ ಐವತ್ತು ವರ್ಷಗಳಲ್ಲಿ ಶಾಸ್ತ್ರವು ಬೆಳೆಯಿತು; ಭಾಷೆಗಳು ಕಡಿಮೆಯಾದುವು; ಪತ್ರಿಕೆಗಳು ಕೆಲವೇ ದೊಡ್ಡ ಪ್ರಕಾಶಕರ ಕೈಸೇರಿದುವು. ಚಂದಾದಾರನಲ್ಲದ ಗೃಹಸ್ಥನು ಒಂದೇ ಒಂದು ಲೇಖನವನ್ನು ಕೊಂಡು ಓದಬೇಕಾದರೆ ಸಾವಿರಾರು ರೂಪಾಯಿಗಳನ್ನು ಕೊಡಬೇಕಾಗಿರುವ ಪತ್ರಿಕೆಗಳುಂಟು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರುಮಾಡಿ, ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುವ ಯೋಜನೆಯನ್ನು ಒಪ್ಪಿತು. ವಿದ್ಯಾರ್ಥಿಗಳಿಗೆ ಇದರಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಹರಿಹರದ ಅರ್ಚಕನು, ಸಂತೇಬೆನ್ನೂರಿನ ಹೊಂಡವನ್ನು ತೋರಿಸುವವನು, ದಾವಣಗೆರೆಯ ವಸತಿಗೃಹದ ಯಜಮಾನನು, ಇವರು ಯಾವ ಕಾಲೇಜಿನ ವಿದ್ಯಾರ್ಥಿಗಳು? ಲೇಖನವು ಇವರನ್ನು ಕುರಿತದ್ದು. ಬಾಗಿಲು ಇವರಿಗೆ ಮುಚ್ಚಿದುದು.

ಇದಕ್ಕೆ ಪ್ರತಿಯಾಗಿ ಒಂದು ಉದಾಹರಣೆಯನ್ನು ಕೊಡುವೆನು. ಬಿ. ಎಲ್. ರೈಸ್ ಎಂಬ ಮಹನೀಯನನ್ನು ನೀವೆಲ್ಲ ಬಲ್ಲಿರಿ. ಆತನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದಲ್ಲಿ, ಎಂದರೆ ೧೯೦೩ರಲ್ಲಿ ಹೊರಟ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನವುಗಳೆಂದು ಸೇರಿಸಿ ಅಚ್ಚುಹಾಕಿದನು. ಆಗ ನಾವು ಚಿತ್ರದುರ್ಗಕ್ಕೆ ಸೇರಿದ್ದೆವು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ರೈಸನು ಇಂಗ್ಲಿಷಿನವನು, ಆತನನ್ನು ನೇಮಿಸಿದ ಸರಕಾರದ ವ್ಯವಹಾರವು ಇಂಗ್ಲಿಷಿನದು. ಆದರೂ ಆತನು ಏನು ಮಾಡಿದನು? ಅನುವಾದವನ್ನು ಇಂಗ್ಲಿಷಿನಲ್ಲಿ ಕೊಟ್ಟು, ಮೂಲಪಾಠವನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿಸಿದನು. ಅದರಿಂದ ಹಳ್ಳಿಯ ಮೇಷ್ಟ್ರೊಬ್ಬನು ಆ ಸಂಪುಟವನ್ನು ಗುಡಿಗೆ ಕೊಂಡೊಯ್ದು, ಕಲ್ಲಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಇಲ್ಲಿ ನಿಮ್ಮ ಓದು ತಪ್ಪಾಗಿದೆಯೆಂದು ಹೇಳುವ ಅವಕಾಶವು ಉಳಿಯಿತು. ಪರದೇಶದವನು ಪರರ ಆಳಿಕೆಯಲ್ಲಿ ನಮಗೆ ಕೊಟ್ಟ ಈ ಹಕ್ಕನ್ನು, ನಮ್ಮವರೇ ನಮ್ಮ ಆಳಿಕೆಯಲ್ಲಿ ನಮ್ಮಿಂದ ಕಿತ್ತುಕೊಂಡಿರುವರು.

ನನ್ನ ಸಿದ್ಧಾಂತವು ಇಷ್ಟೇ: ವಿದ್ವತ್ಪತ್ರಿಕೆಗೆ ಪ್ರಾಮಾಣ್ಯವು ಬರುವುದು ತಿದ್ದಿಸಿಕೊಳ್ಳುವ ಶಕ್ತಿಯಿಂದ. ಲೇಖನವು ಅಚ್ಚಾಗುವ ಮುನ್ನ ಇಬ್ಬರು ಮೂವರು ತಜ್ಞರು ಅದನ್ನು ಪರೀಕ್ಷಿಸುವರೆಂದು ಈ ಪತ್ರಿಕೆಗಳು ಹೆಮ್ಮೆಪಡುತ್ತವೆ. ಒಳ್ಳೆಯದೇ. ಆದರೆ ಹರಿಹರವನ್ನು ಕುರಿತ ಲೇಖನಕ್ಕೆ ಹರಿಹರವನ್ನು ಕಂಡರಿಯದವನು ತಜ್ಞನಾಗುವುದು ಹೇಗೆ? ಕೋಷ್ಟಕದ ಗಣಿತವನ್ನು ಅವನು ನೋಡಬಲ್ಲನು. ಕೋಷ್ಟಕದೊಳಗಿನ ಮುದುಕಿಯನ್ನು ನೋಡಲಾರನು. ಆಕೆಯ ಮಾತನ್ನು ಬಲ್ಲವರು ಓದದ ಬರಹವು ಎಷ್ಟು ಪರೀಕ್ಷೆಗಳನ್ನು ದಾಟಿದರೂ ಅರೆಪರೀಕ್ಷಿತವೇ ಸರಿ.

ಇಲ್ಲಿ ನಾನು ನನ್ನ ಕಡೆಯವರ ತಪ್ಪನ್ನೂ ಹೇಳಬೇಕು. ಯಾತ್ರೆಯನ್ನು ಕುರಿತ ಶಾಸ್ತ್ರವು ನಮ್ಮಲ್ಲಿ ಹಿಂದೆಯೇ ಇದ್ದಿತು. ಹನ್ನೆರಡನೆಯ ಶತಮಾನದಲ್ಲಿ ಲಕ್ಷ್ಮೀಧರನು ತನ್ನ ‘ಕೃತ್ಯಕಲ್ಪತರು’ವಿನಲ್ಲಿ ತೀರ್ಥವಿವೇಚನೆಗೆಂದೇ ಒಂದು ಕಾಂಡವನ್ನು ಬರೆದನು, ಹದಿನಾರನೆಯ ಶತಮಾನದಲ್ಲಿ ನಾರಾಯಣ ಭಟ್ಟನು ಪ್ರಯಾಗ, ಕಾಶಿ, ಗಯೆಗಳನ್ನು ಕುರಿತು ‘ತ್ರಿಸ್ಥಲೀಸೇತು’ವನ್ನು ರಚಿಸಿದನು. ಇವನ್ನೆತ್ತಿ ಹೇಳಿ, ಎಲ್ಲವೂ ನಮ್ಮಲ್ಲಿದ್ದಿತೆಂದು ಮೀಸೆ ತಿರುವುವ ಪಂಡಿತರುಂಟು. ಆ ಗ್ರಂಥಗಳನ್ನು ಓದುವ ಭಾಷೆಯನ್ನು ಕಲಿತ ನಾನೇ ಹೇಳುತ್ತೇನೆ: ಅವೂ ಯಾತ್ರಿಕರಲ್ಲಿ ಬಹುಮಂದಿಗೆ ಮುಚ್ಚಿದ ಬಾಗಿಲುಗಳೇ ಆಗಿದ್ದುವು. ಅಲ್ಲಿಂದ ಇಲ್ಲಿಗೆ ನಡೆದು ಬಂದ ಒಕ್ಕಲಿಗನು ತನ್ನನ್ನು ಕುರಿತು ಏನು ಬರೆದಿದೆಯೆಂದು ತಿಳಿಯಲು ಪುರಾಣಿಕನ ಬಾಯನ್ನು ನೋಡಬೇಕಾಗಿದ್ದಿತು. ಸಂಸ್ಕೃತದಲ್ಲಿ ನಾವು ಮಾಡಿದ ಅದೇ ತಪ್ಪು ಇಂದು ಇಂಗ್ಲಿಷಿನಲ್ಲಿ ಮತ್ತೆ ನಡೆಯುತ್ತಿದೆ. ಅಂದಿನ ಪುರಾಣಿಕನಾದರೂ ಸಾಯಂಕಾಲ ಗುಡಿಯಲ್ಲಿ ಕುಳಿತು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದನು. ಇಂದಿನ ಸಂಶೋಧಕನು ಹೇಳುವುದಿಲ್ಲ.

ಆತನನ್ನೇ ದೂರಿ ಫಲವಿಲ್ಲವೆಂಬುದನ್ನೂ ಒಪ್ಪುವೆನು. ೨೦೧೦ರಿಂದೀಚೆಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಲೇಖನಗಳ ಅಂಕವನ್ನು ಗಂಟುಹಾಕಿತು. ಅಂಕ ಬೇಕಾದವರು ಹೆಚ್ಚಿದರು. ಹಣ ತೆತ್ತರೆ ಅಚ್ಚುಹಾಕುವ ಅಂಗಡಿಗಳೂ ಹೆಚ್ಚಿದುವು. ೨೦೧೮ರ ಮೇ ತಿಂಗಳಲ್ಲಿ ಆಯೋಗವು ತಾನೇ ಅಂಗೀಕರಿಸಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಒಮ್ಮೆಗೇ ತೆಗೆದುಹಾಕಬೇಕಾಯಿತು. ಬಳಿಕ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಪತ್ರಿಕೆಗಳ ಯೋಗ್ಯತೆಯನ್ನು ಆಯಾ ವಿದ್ಯಾಸಂಸ್ಥೆಗಳೇ ನಿರ್ಣಯಿಸಿಕೊಳ್ಳಲೆಂದು ಆಯೋಗವು ತಿಳಿಸಿತು. ಇದನ್ನು ಕೇಳಿ ಅನೇಕರು ಅರಾಜಕತೆ ಬಂದಿತೆಂದು ನೊಂದುಕೊಂಡರು. ನನಗೆ ತೋರುವುದು ಬೇರೆ: ದೆಹಲಿಯ ಪಟ್ಟಿಯಲ್ಲಿಲ್ಲವೆಂಬ ನೆಪವು ಹೋಯಿತು. ೨೦೦೯ರಲ್ಲಿ ಸ್ಥಾಪಿತವಾದ ನಮ್ಮ ದಾವಣಗೆರೆ ವಿಶ್ವವಿದ್ಯಾನಿಲಯವಾಗಲಿ, ಇತರ ವಿದ್ಯಾಲಯಗಳಾಗಲಿ, ಸರಿಯಾದ ಪರೀಕ್ಷೆಗೆ ಒಳಗಾದ ಕನ್ನಡದ ಲೇಖನಕ್ಕೆ ಮಾನ್ಯತೆಯನ್ನು ಕೊಡುತ್ತೇವೆಂದು ಹೇಳಿದರೆ ಅಡ್ಡ ಬರುವ ಪಟ್ಟಿಯು ಈಗ ಇಲ್ಲ.

ಇನ್ನು ಪೂರ್ವಪಕ್ಷಗಳನ್ನು ನೋಡೋಣ. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಪರಿಭಾಷೆಯಿಲ್ಲವೆಂಬುದು ಮೊದಲನೆಯದು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ತೆಗೆದಾಗ ಭೌತ, ರಸಾಯನ ಶಾಸ್ತ್ರಗಳಿಗೆ ಕನ್ನಡದಲ್ಲಿ ಪರಿಭಾಷೆಯು ಸಿದ್ಧವಾಗಿದ್ದಿತೆ? ಬರೆಯುತ್ತ ಬರೆಯುತ್ತ ಅವರು ಶಬ್ದಗಳನ್ನು ಕಟ್ಟಿದರು. ಆ ಪತ್ರಿಕೆಯು ಎರಡೇ ವರ್ಷ ಬದುಕಿತು. ಅವರು ಹಾಕಿಕೊಟ್ಟ ದಾರಿ ಉಳಿಯಿತು. ಪ್ರವಾಸಶಾಸ್ತ್ರದ ಮಾತಾದರೋ ಅದಕ್ಕಿಂತ ಸುಲಭ. ೧೯೭೭ರಲ್ಲಿ ವ್ಯಾಲೀನ್ ಸ್ಮಿತ್ ಎಂಬಾಕೆಯು ಸಂಪಾದಿಸಿದ ಪ್ರಸಿದ್ಧವಾದ ಗ್ರಂಥವು ಆತಿಥೇಯರು ಮತ್ತು ಅತಿಥಿಗಳು ಎಂಬ ಎರಡು ಪದಗಳನ್ನೇ ತಲೆಬರಹವಾಗಿ ಉಳ್ಳದ್ದು. ಈ ಎರಡು ಪದಗಳು ಕನ್ನಡಕ್ಕೆ ಹೊಸವೆ? ಒಂದು ಸ್ಥಳವು ಎಷ್ಟು ಜನರನ್ನು ತಾಳಿಕೊಳ್ಳಬಲ್ಲುದೆಂಬ ವಿಚಾರವನ್ನು ಆ ಶಾಸ್ತ್ರವು ದೊಡ್ಡದಾಗಿ ಚರ್ಚಿಸುತ್ತದೆ. ಧಾರಣಶಕ್ತಿಯೆಂದರೆ ಮುಗಿಯಿತು. ಜಾತ್ರೆಗೆ ನೆಂಟರನ್ನು ಕರೆದ ಗೃಹಿಣಿಗೆ ಆ ಶಬ್ದವು ತಿಳಿಯದಿದ್ದರೂ ಅರ್ಥವು ಚೆನ್ನಾಗಿ ತಿಳಿದಿದೆ.

ಎರಡನೆಯದು, ಕನ್ನಡದಲ್ಲಿ ಬರೆದರೆ ಲೋಕವು ಓದುವುದಿಲ್ಲವೆಂಬುದು. ಲೋಕಕ್ಕೆ ಇಂಗ್ಲಿಷಿನಲ್ಲಿ ಬರೆಯಬೇಡಿರೆಂದು ನಾನು ಹೇಳಿದೆನೆ? ‘ಅನಾಲ್ಸ್’ ಪತ್ರಿಕೆಯು ಫ್ರೆಂಚರಿಗಾಗಿ ಸಾರಾಂಶವನ್ನು ಅಚ್ಚುಮಾಡಿತು. ನಮ್ಮ ಸಂಶೋಧಕನು ಹರಿಹರದವರಿಗಾಗಿ ನಾಲ್ಕು ಪುಟ ಬರೆಯಲಾರನೆ? ಊರಿನಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿದವನಿಗೆ ಉತ್ತರವನ್ನು ಕನ್ನಡದಲ್ಲಿ ಹೇಳುವುದು ಭಾರವೆ?

ಮೂರನೆಯದು, ಬರೆಯತಕ್ಕ ವಿಷಯವಾದರೂ ಇಲ್ಲಿ ಏನಿದೆಯೆಂಬುದು. ಇದು ಕಣ್ಣಿದ್ದವರು ಕೇಳತಕ್ಕ ಪ್ರಶ್ನೆಯಲ್ಲ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಊರಿಗೆ ಬರುವ ನೆಂಟರಿಷ್ಟರ ಖರ್ಚಿಗೆ ಎಷ್ಟು ಮನೆಗಳು ಸಾಲವನ್ನು ಮಾಡುತ್ತವೆ, ಎಷ್ಟು ಅಂಗಡಿಗಳು ಲಾಭವನ್ನು ಪಡೆಯುತ್ತವೆ? ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಪಟ್ಟಣವನ್ನು ಹೊರಗಿನವರು ಇಂದು ಬೆಣ್ಣೆದೋಸೆಯಿಂದ ಗುರುತಿಸುತ್ತಾರೆ. ಈ ಬದಲಾವಣೆಯಿಂದ ಹೊಟ್ಟೆ ತುಂಬಿದವರು ಯಾರು, ಕೆಲಸವನ್ನು ಕಳೆದುಕೊಂಡವರು ಯಾರು? ತುಂಗಭದ್ರೆಯಲ್ಲಿ ಮಿಂದು ಬಟ್ಟೆಯನ್ನು ಬಿಟ್ಟುಹೋಗುವ ಯಾತ್ರಿಕನ ಪುಣ್ಯಕ್ಕೆ ನದಿಯು ತೆರುವ ಬೆಲೆಯೆಷ್ಟು? ಚನ್ನಗಿರಿಯ ಸೂಳೆಕೆರೆಯು ಏಷ್ಯಾ ಖಂಡದಲ್ಲಿಯೇ ಎರಡನೆಯದೆಂಬ ಮಾತು ಫಲಕದಿಂದ ಪುಸ್ತಕಕ್ಕೂ ಪುಸ್ತಕದಿಂದ ಫಲಕಕ್ಕೂ ಯಾತ್ರೆಮಾಡುತ್ತಲೇ ಇದೆ; ಯಾವ ಅಳತೆಯಿಂದ, ಯಾವ ಕೆರೆಗಳೊಡನೆ ಹೋಲಿಸಿ, ಎಂದು ಕೇಳಿ ಉತ್ತರವನ್ನು ಅಚ್ಚುಹಾಕುವುದು ಪತ್ರಿಕೆಯ ಕೆಲಸವಲ್ಲವೆ? ಇವು ಸಣ್ಣ ಪ್ರಶ್ನೆಗಳಲ್ಲ. ಇವಕ್ಕೆ ಉತ್ತರ ಕೊಡಬಲ್ಲವರು ಇಲ್ಲಿಯೇ ಇದ್ದಾರೆ. ಅವರು ಓದುವ ಭಾಷೆ ಕನ್ನಡ.

ಆದುದರಿಂದ ಈ ಪತ್ರಿಕೆಯ ಸಂಪಾದಕರಲ್ಲಿಯೂ ಜಿಲ್ಲೆಯ ವಿದ್ಯಾವಂತರಲ್ಲಿಯೂ ನನ್ನ ವಿಜ್ಞಾಪನೆ ಮೂರು. ನಮ್ಮ ಜಿಲ್ಲೆಯ ಯಾವ ಊರನ್ನು ಕುರಿತು ಯಾರು ಸಂಶೋಧನೆ ಮಾಡಿದರೂ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟಗಳಿಗೆ ಇಳಿಸಿ ಇಲ್ಲಿ ಪ್ರಕಟಿಸಲೆಂದು ವಿದ್ಯಾಲಯಗಳ ಮುಖ್ಯರನ್ನು ಕೇಳಿಕೊಳ್ಳಬೇಕು. ಅಂತಹ ಪ್ರತಿಯೊಂದು ಬರಹಕ್ಕೂ ಆಯಾ ಊರಿನವರು ಬರೆದು ಕಳುಹಿಸುವ ತಿದ್ದುಪಡಿಗಳಿಗೆ ತಿಂಗಳಿಗೆ ಎರಡು ಪುಟಗಳನ್ನು ಮೀಸಲಿಡಬೇಕು. ಬರೆದವರು ಅರ್ಚಕರಾಗಲಿ, ಆಟೋ ನಡೆಸುವವರಾಗಲಿ, ಸಾಕ್ಷ್ಯವು ಸರಿಯಾಗಿದ್ದರೆ ಅಚ್ಚಾಗಬೇಕು. ಮೂರನೆಯದಾಗಿ, ವರ್ಷಕ್ಕೊಂದು ಸಂಚಿಕೆಯು ಪ್ರವಾಸ ಮತ್ತು ಯಾತ್ರೆಗಳ ವಿಚಾರಕ್ಕೇ ಮೀಸಲಾಗಿ, ತಜ್ಞರ ಪರೀಕ್ಷೆಗೂ ಊರಿನವರ ಪರೀಕ್ಷೆಗೂ ಒಳಗಾಗಿ ಹೊರಬರಬೇಕು. ಇದಕ್ಕೆ ಕೋಟಿ ರೂಪಾಯಿಗಳು ಬೇಕಾಗಿಲ್ಲ. ಅಮೆರಿಕದ ‘ಅನಾಲ್ಸ್’ ಹುಟ್ಟಿದುದು ಒಬ್ಬನ ಹಟದಿಂದ; ಲಖನೌವಿನ ಪತ್ರಿಕೆಯೂ ಹಾಗೆಯೇ. ದಾವಣಗೆರೆಯಲ್ಲಿ ಹಟಗಾರರಿಗೆ ಕೊರತೆಯೆಂದು ನಾನು ನಂಬಲಾರೆನು.

ಮೊದಲನೆಯ ತಿದ್ದುಪಡಿಯನ್ನು ನಾನೇ ಕೊಟ್ಟು ಮುಗಿಸುವೆನು. ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹರಿಹರರಾಯನಲ್ಲ, ಪೋಲಾಳ್ವ ದಂಡನಾಯಕನು, ವರ್ಷ ೧೨೨೪. ಆ ಮುದುಕಿಯು ತೃಪ್ತಿಗೆ ಮೂರು ಅಂಕಗಳನ್ನು ಕೊಟ್ಟಳೆಂಬುದೂ ನಿಜವಲ್ಲ. ಆಕೆಯು ಅಂಕವನ್ನು ಕೊಡಲಿಲ್ಲ. ನಾನು ಪಕ್ಕದಲ್ಲಿಯೇ ಕುಳಿತಿದ್ದೆನು.